‘ನೋಡುವ’ಕ್ಕೆ ಸಿಕ್ಕ ಪ್ರಶಸ್ತಿ

ನಮ್ಮ ಹಟ್ಟಿಯ ಒಂದು ಪದಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿದೆ. ಊಟಿಯ ಕ್ಯಾರೆಟ್ಟಿಗೂ ಇಂಥ ಮರ್ಯಾದೆ ಸಿಕ್ಕಿಲ್ಲ. ರಾಜ್ಯಶಾಸ್ತ್ರದ ದೊಡ್ಡ ದೊಡ್ಡ ಪಂಡಿತರಿಗೆ ಯುರೋಪಿನಲ್ಲಿ ಕೊಡುವ ಪ್ರಶಸ್ತಿ ಅದು. ಪದ ನಮ್ಮದು, ಪದಕ ಬಿದ್ದದ್ದು ಮಾತ್ರ ದೆಹಲಿಯ ಒಬ್ಬ ಪ್ರೊಫೆಸರ್ ಕೊರಳಿಗೆ.

ಅವರು ಇತ್ತಲಾರ್ ಕಡೆಯ ನಮ್ಮ ಹಟ್ಟಿಗೆ ಬಂದಾಗ ನಾನು ಒಂಬತ್ತನೇ ಕ್ಲಾಸು. ಬೇಸಿಗೆಯಲ್ಲೂ ಅವರು ಸುತ್ತಿಕೊಂಡಿದ್ದ ಉಣ್ಣೆಯನ್ನೆಲ್ಲ ಬಿಚ್ಚಿದ್ದರೆ ಹಟ್ಟಿಯ ಎಮ್ಮೆಗಳಿಗೆಲ್ಲ ಒಂದೊಂದು ಸ್ವೆಟರ್ ಆಗುತ್ತಿತ್ತು. ನಮ್ಮ ಕೂಟ ಸೇರಿ ಹೇಗೆ ತೀರ್ಮಾನ ಮಾಡುತ್ತದೆ ಎಂದು ಪುಸ್ತಕ ಬರೆಯುವುದು ಅವರ ಆಸೆ. ನಮ್ಮ ಮಾತು ಒಂದಕ್ಷರ ಬಾರದು. ಅದಕ್ಕೆ ನನ್ನ ಅಕ್ಕನನ್ನು ಹಿಡಿದರು.

ಅಕ್ಕ ರಾಜ್ಯಶಾಸ್ತ್ರದಲ್ಲಿ ಎಂ.ಎ. ಊಟಿಯ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಕೈಗೆ ಬಂದಿತ್ತು. “ಅದನ್ನು ಬಿಡು. ಪುಸ್ತಕ ಮುಗಿಯಲಿ, ನನ್ನ ಬಳಿ ಪಿಎಚ್.ಡಿ. ಸೀಟು ನಿನಗೇ” ಎಂದರು ಪ್ರೊಫೆಸರ್, ಇಂಗ್ಲಿಷಿನಲ್ಲಿ. ಅಕ್ಕ ಬಸ್ಸು ಹತ್ತಿ ಹೋಗಿ ಶಾಲೆಯ ಕೆಲಸ ಬೇಡವೆಂದು ಹೇಳಿ ಬಂದಳು.

ಹೆತ್ತೆ, ಅಂದರೆ ನಮ್ಮಜ್ಜಿ, ಒಲೆ ಮುಂದೆ ಕೂತು ಕೇಳಿದಳು. “ಸೀಟು ಅಂದ್ರೆ ಕೂರೋದು ತಾನೆ? ಎಲ್ಲಿ ಕೂರೋದು ಅಂತ ತೋರ್ಸಿದನಾ?”

“ಸುಮ್ನಿರು ಹೆತ್ತೆ, ಅದು ಡೆಲ್ಲಿ ಸೀಟು.”

“ಬಸ್ ಸೀಟಿಗಾದ್ರೂ ಕಿಟಕೀಲಿ ಒಂದು ಟವೆಲ್ ಹಾಕಿ ಹಿಡೀತಾರೆ, ಮಗಳೇ.”

ನಮ್ಮ ಕೂಟ ಸೇರುವುದು ಗುಡಿಯ ಮುಂದಿನ ಹುಲ್ಲಿನ ಮೇಲೆ. ಅದರ ಸುತ್ತ ಒಂದು ಮೋಟುಗೋಡೆ. ಗಂಡಸರು ಒಳಗೆ ಕೂರುತ್ತಾರೆ, ಹೆಂಗಸರು ಗೋಡೆಯಾಚೆ ನಿಂತು ಕೇಳುತ್ತಾರೆ. ಅಲ್ಲಿ ಯಾರೂ “ಇಲ್ಲೆ” ಅನ್ನುವಂತಿಲ್ಲ. ದೇವರೆದುರು ಇಲ್ಲೆ ಅಂದರೆ ಇರುವುದೂ ಇಲ್ಲದಂತಾಗುತ್ತದಂತೆ. ಹಾಗಾಗಿ ಕೊಡುವುದಿಲ್ಲ, ಮಾಡುವುದಿಲ್ಲ, ನಿನ್ನ ಮುಖ ಕಂಡರಾಗದು, ಎಲ್ಲಕ್ಕೂ ಒಂದೇ ಪದ: “ನೋಡುವ.” ಅದನ್ನು ಕೇಳಿದವರು ತೆಪ್ಪಗೆ ಎದ್ದು ಮನೆಗೆ ಹೋಗಬೇಕು. ನಮ್ಮ ಎಮ್ಮೆಗೂ ಇದು ಗೊತ್ತು. ನೋಡುವ ಅಂದರೆ ಸಾಕು, ಹುಲ್ಲಿನ ಆಸೆ ಬಿಟ್ಟು ಮಲಗಿಬಿಡುತ್ತದೆ.

ಪ್ರೊಫೆಸರ್ ಬಂದ ಕೂಟದಲ್ಲಿ ಅವರಿಗೆ ಒಳಗೆ ಕುರ್ಚಿ ಹಾಕಿದ್ದರು. ಅಕ್ಕ ಗೋಡೆಯಾಚೆ ನಿಂತು, ಒಣಗಲು ಹಾಕಿದ ಕಂಬಳಿಯ ಹಾಗೆ ಗೋಡೆಯ ಮೇಲೆ ಜೋತುಬಿದ್ದು, ಅವರ ಕಿವಿಗೆ ಇಂಗ್ಲಿಷ್ ಸುರಿಯುತ್ತಿದ್ದಳು. ಮಾತು ಮುಗಿಯುವಾಗ ಅಕ್ಕನೇ ಬಾಯಿಬಿಟ್ಟಳು.

“ಗೌಡ ಮಾಮಾ, ನಂಗ ಹೆಣ್ಣುಮಕ್ಕ ಯಾವಾಗ ಒಳಗೆ ಕೂರೋದು?”

ಊರ ಗೌಡರು ತಲೆಯ ಬಟ್ಟೆ ಸರಿಮಾಡಿಕೊಂಡರು. ಮೋಡ ನೋಡಿದರು. “ನೋಡುವ” ಅಂದರು. ಗಂಡಸರೆಲ್ಲ ಕಪ್ಪೆಗಳ ಹಾಗೆ “ನೋಡುವ, ನೋಡುವ” ಅಂದರು. ಹೆಂಗಸರು ಶಾಲು ಕೊಡವಿ ಮನೆಗೆ ಹೊರಟರು.

“ಏನಂದರು?” ಎಂದು ಪ್ರೊಫೆಸರ್ ಕುರ್ಚಿಯ ತುದಿಗೆ ಬಂದರು.

“ಪದದ ಅರ್ಥ ‘ನೋಡೋಣ’ ಅಂತ. ಆದರೆ ಸರ್, ಅದು ಆಗುವುದಿಲ್ಲ ಅನ್ನುವ ಮಾತು.”

ಅವರಿಗೆ ಮೊದಲ ವಾಕ್ಯವೇ ಸಾಕಾಯಿತು. ಕಣ್ಣಲ್ಲಿ ನೀರು ಬಂತು. ಕುಂದಾ ಅಣೆಕಟ್ಟಿಗೆ ಹರಿಸಿದ್ದರೆ ಎರಡು ದಿನ ಕರೆಂಟು ಬರುತ್ತಿತ್ತು. “ಎಲ್ಲರೂ ಸೇರಿ ನೋಡೋಣ! ಮತವಿಲ್ಲ, ಜಗಳವಿಲ್ಲ!”

“ಸರ್, ಹೆಂಗಸರು ಹೊರಟೇ ಹೋದರಲ್ಲ?”

“ತೃಪ್ತಿಯಾಗಿ ಹೋದರು. ನೀನು ಒಳಗಿನವಳು, ನಿನಗೆ ಇದು ಕಾಣುವುದಿಲ್ಲ.”

ಗೋಡೆಯ ಹೊರಗೆ ನಿಂತಿದ್ದ ಅಕ್ಕ ಆ ಮಾತನ್ನು ಯಾರಿಗೂ ಅನುವಾದ ಮಾಡಲಿಲ್ಲ.

ಪುಸ್ತಕ ಬಂತು. ಅದರ ಹೆಸರಿನಲ್ಲೇ ‘ನೋಡುವ’ ಇತ್ತು. ಈ ವರ್ಷ ಪ್ರಶಸ್ತಿಯೂ ಬಂತು. ಸಮಾರಂಭವನ್ನು ನಾವು ಮೊಬೈಲಿನಲ್ಲಿ ನೋಡಿದೆವು. ಜಗತ್ತು ಜಗಳವಾಡದೆ ಬದುಕುವುದನ್ನು ಆ ಬೆಟ್ಟದ ಜನರಿಂದ ಕಲಿಯಬೇಕು ಎಂದರು ಪ್ರೊಫೆಸರ್. ಬೆಟ್ಟಕ್ಕೆ ವಂದನೆ, ಮಂಜಿಗೆ ವಂದನೆ, ಹೆತ್ತೆಯ ಅವರೆಕಾಳಿನ ಸಾರಿಗೂ ವಂದನೆ. ಚಪ್ಪಾಳೆ ಮುಗಿದು ಪರದೆ ಕಪ್ಪಾಗುವವರೆಗೂ ಅಕ್ಕ ತನ್ನ ಹೆಸರಿಗಾಗಿ ಕಾದಳು.

“ಸಾರಿಗೇ ಪಿಎಚ್.ಡಿ. ಕೊಡ್ತಾರೆ ಕಣೇ” ಅಂದೆ. ಅವಳು ನಗಲಿಲ್ಲ.

ಮರುದಿನ ಅವಳೇ ವಿಡಿಯೋ ಕರೆ ಮಾಡಿದಳು. ಅಭಿನಂದನೆ ಹೇಳಿದಳು. ಆಮೇಲೆ ಮೆಲ್ಲಗೆ, “ಸರ್, ನನ್ನ ಸೀಟು?” ಅಂದಳು.

ಪ್ರೊಫೆಸರ್ ಎದೆಯ ಮೇಲೆ ಕೈಯಿಟ್ಟುಕೊಂಡರು. ಇಂಗ್ಲಿಷ್ ಬಿಟ್ಟು, ಒಂದಕ್ಷರ ತಪ್ಪದೆ, ನಮ್ಮದೇ ಮಾತಿನಲ್ಲಿ ಹೇಳಿದರು: “ನೋಡುವ.”

“ಈಗ ಸರಿಯಾಗಿ ಕಲ್ತ” ಅಂದಳು ಹೆತ್ತೆ, ಒಲೆಯ ಕಡೆಯಿಂದ.

ಶಾಲೆಯ ಕೆಲಸ ಯಾವತ್ತೋ ಬೇರೆಯವರ ಪಾಲಾಗಿತ್ತು. ಅಕ್ಕ ಬುಟ್ಟಿ ಹೊತ್ತು ನಮ್ಮ ತೋಟದ ಟೀ ಎಲೆ ಕೀಳಲು ಹೋದಳು. ಆ ಸಂಜೆ ಅವಳು ತಂದ ಎಲೆಗಿಂತ ಕಡ್ಡಿಯೇ ಹೆಚ್ಚಿತ್ತು.

ವಾರದೊಳಗೆ ರಸ್ತೆ ತಿರುವಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಅದರಲ್ಲಿ ಪ್ರೊಫೆಸರ್ ಮುಖ ನಮ್ಮ ಮನೆಯ ಸೂರಿಗಿಂತ ಅಗಲ. ಗೌಡರು ನಮ್ಮ ಮನೆಗೇ ಬಂದರು. ಹೆತ್ತೆ ಟೀ ಕೊಟ್ಟಳು.

“ಆ ಸಾರ್ ಬರ್ತಾರಂತೆ ಮಗಳೇ, ಕೂಟದಲ್ಲಿ ಶಾಲು ಹೊದಿಸೋದು. ಇಂಗ್ಲಿಷ್ ಹೇಳೋಕೆ ನೀನಲ್ದೆ ಯಾರಿದ್ದಾರೆ?”

“ಎಲ್ಲಿ ನಿಂತು ಹೇಳ್ಲಿ ಮಾಮಾ?”

“ಅದೇ, ಯಾವಾಗಿನ ಹಾಗೆ. ಗೋಡೆ ಹತ್ರ.”

ಅಕ್ಕ ತಲೆಯ ಬಟ್ಟೆ ಸರಿಮಾಡಿಕೊಂಡಳು. ಕಿಟಕಿಯಾಚೆಯ ಮೋಡ ನೋಡಿದಳು.

“ನೋಡುವ” ಅಂದಳು.

ಗೌಡರು ಪಂಡಿತರಲ್ಲ, ನಮ್ಮ ಹಟ್ಟಿಯವರು. ಅರ್ಧ ಲೋಟ ಟೀ ಹಾಗೇ ಬಿಟ್ಟು, ಎದ್ದು ಮನೆಗೆ ಹೋದರು.