ಲೊರೀನ್ ಕುಂಕಲ್ ಮಗನ ಹೆಸರು ಹೇಳಿದ ದಿನ

ನಮ್ಮೂರ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ, ಲೆಕ್ಕದ ಮೇಷ್ಟರ ಹೆಸರು ಮರೆತಿರಬಹುದು, ಲೊರೀನ್ ಕುಂಕಲ್ ಬಡಿಸಿದ ಆಲೂಗಡ್ಡೆಯನ್ನು ಮರೆತಿರುವುದಿಲ್ಲ. ಪೆನ್ಸಿಲ್ವೇನಿಯಾದ ಈ ಗುಡ್ಡಗಳ ಸಂದಿನಲ್ಲಿ ಇರುವುದೇ ಒಂದು ಶಾಲೆ. ಮೂಗು ಸೋರುವ ಪುಟಾಣಿಗಳಿಂದ ಹಿಡಿದು ಮೀಸೆ ಚಿಗುರಿದ ಹುಡುಗರವರೆಗೆ ಎಲ್ಲರಿಗೂ ಅದೇ ಸೂರು, ಅದೇ ಅಡುಗೆಮನೆ. ಬೇಯಿಸಿ ಹಿಸುಕಿದ ಆಲೂಗಡ್ಡೆಯ ನಡುವೆ ಗುಳಿ ಮಾಡಿ, ಕೋಳಿಯ ಗ್ರೇವಿ ಸುರಿದು, 'ಇನ್ನೊಂಚೂರು?' ಎಂದು ಕೇಳದೆ ಲೊರೀನ್ ತಟ್ಟೆ ಬಿಟ್ಟವಳಲ್ಲ. ದೊಡ್ಡ ಕೈ, ಸಣ್ಣ ದನಿ. ಜಿಪುಣತನ ಅವಳ ಸೌಟಿಗೆ ಗೊತ್ತೇ ಇರಲಿಲ್ಲ.

ಗಂಡ ಗ್ಲೆನ್ ಕಲ್ಲಿನ ಕ್ವಾರಿಯಲ್ಲಿ ಲಾರಿ ಓಡಿಸುತ್ತಿದ್ದ. ಮಾತು ಕಡಿಮೆ, ಹಟ ಜಾಸ್ತಿ. ಒಬ್ಬನೇ ಮಗ ಕೋಲ್ಟನ್, ಹದಿನೇಳು ವರ್ಷ, ತೆಂಗಿನಮರದ ಹಾಗೆ ಬೆಳೆದಿದ್ದ. ಆ ಶರತ್ಕಾಲದಲ್ಲಿ ಅವನನ್ನು ಶಾಲೆಯಿಂದ ಕ್ರಿಸ್‌ಮಸ್‌ವರೆಗೆ ಹೊರಗೆ ಹಾಕಿದ್ದರು. ತಿಂಗಳುಗಟ್ಟಲೆ ಕೆಲವು ಹುಡುಗರು ಅವನ ಬೆನ್ನು ಬಿದ್ದು ಅಣಕಿಸಿದ್ದರು. ಒಂದು ದಿನ ತಡೆಯಲಾರದೆ ಕುರ್ಚಿಯನ್ನು ಗೋಡೆಗೆ ಎಸೆದು, 'ನಿಮಗೆಲ್ಲ ಒಂದಿನ ತೋರಿಸ್ತೀನಿ' ಎಂದುಬಿಟ್ಟ. ನಮ್ಮಜ್ಜಂದಿರ ಕಾಲದಲ್ಲಿ ಅಂಥ ಮಾತಿಗೆ ಒಂದು ಏಟು ಬಿದ್ದು ಮುಗಿದುಹೋಗುತ್ತಿತ್ತು. ಈ ದೇಶದಲ್ಲಿ ಈಗ ಆ ಮಾತನ್ನು ಯಾರೂ ಹಗುರವಾಗಿ ಕೇಳಿಸಿಕೊಳ್ಳುವ ಹಾಗಿಲ್ಲ, ಕೇಳಿಸಿಕೊಳ್ಳಲೂಬಾರದು. ಆಮೇಲಿಂದ ಹುಡುಗ ಮನೆಯಲ್ಲೇ. ಹಗಲೆಲ್ಲ ಮಲಗುವುದು, ಕೇಳಿದ್ದಕ್ಕೆ ಹೂಂ ಉಹೂಂ ಎನ್ನುವುದು, ಅಷ್ಟೇ.

ಕುಂಕಲ್ ಮನೆಯ ನಡುವಿನ ಪಡಸಾಲೆಯಲ್ಲಿ, ನಮ್ಮೆಲ್ಲರ ಮನೆಗಳಲ್ಲಿ ಇರುವ ಹಾಗೆಯೇ, ಗಾಜಿನ ಬಾಗಿಲಿನ ಒಂದು ಬಂದೂಕಿನ ಅಲಮಾರಿ ಇತ್ತು. ಅದಕ್ಕೆ ಬೀಗವೂ ಇತ್ತು. ಕೀಲಿ ಮಾತ್ರ ಅಲಮಾರಿಯ ತಲೆಯ ಮೇಲೆ. ಮಕ್ಕಳ ಕೈಗೆ ಸಿಗಬಾರದೆಂದು ಮೇಲಿಡುತ್ತೇವೆ ಎಂದು ನಾವು ಹೇಳಿಕೊಳ್ಳುತ್ತೇವೆ. ಕೀಲಿ ಎಲ್ಲಿದೆಯೆಂದು ಗೊತ್ತಿಲ್ಲದ ಒಂದು ಮಗುವನ್ನು ಈ ಕಣಿವೆಯಲ್ಲಿ ತೋರಿಸಿ, ನಾನು ಕಿವಿ ಕತ್ತರಿಸಿ ಕೊಡುತ್ತೇನೆ.

ನವೆಂಬರಿನ ಆ ಬೆಳಿಗ್ಗೆ ಲೊರೀನ್ ಕೋಟು ಹಾಕಿಕೊಳ್ಳುತ್ತ ನೋಡಿದಳು. ಅಲಮಾರಿಯಲ್ಲಿ ಕೋಲ್ಟನ್‌ನ ರೈಫಲ್ ಇರಲಿಲ್ಲ. ಅವನಿಗೆ ಹನ್ನೆರಡು ತುಂಬಿದಾಗ ತಾತನಿಂದ ಬಂದದ್ದು ಅದು. ಆದರೆ ಖಾಲಿ ಜಾಗ ನೋಡಿ ಎದೆ ಹೊಡೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಜಿಂಕೆ ಬೇಟೆ ಶುರುವಾಗುವ ಮುಂಚಿನ ವಾರ ಬಂದೂಕುಗಳು ಉಪ್ಪು, ಸಕ್ಕರೆಯ ಹಾಗೆ ಮನೆಯಿಂದ ಮನೆಗೆ ಓಡಾಡುತ್ತವೆ. ಒಬ್ಬ ಗುರಿ ಸರಿ ಮಾಡಿಸಲು ಒಯ್ಯುತ್ತಾನೆ, ಇನ್ನೊಬ್ಬ ಭಾವನಿಗೆಂದು ಕೇಳಿ ತರುತ್ತಾನೆ. 'ಗ್ಲೆನ್ ಯಾರಿಗೋ ಕೊಟ್ಟಿರಬೇಕು' ಎಂದುಕೊಂಡು ಅವಳು ಕೆಲಸಕ್ಕೆ ಹೋದಳು. ಮಗನ ಕೋಣೆಯ ಬಾಗಿಲು ಮುಚ್ಚಿತ್ತು.

ಎರಡನೇ ಪಂಕ್ತಿಯ ಊಟ ನಡೆಯುತ್ತಿತ್ತು. ಗೋಡೆಯ ಮೇಲಿನ ಸ್ಪೀಕರ್ ಕರಕರ ಎಂದಿತು. ಹೆಡ್‌ಮಿಸ್ಟ್ರೆಸ್ ದನಿ.

"ಎಲ್ಲರೂ ಒಳಗೆ ಸೇರ್ಕೊಂಡು ಬಾಗಿಲು ಹಾಕ್ಕೊಳ್ಳಿ. ಇದು ಅಭ್ಯಾಸ ಅಲ್ಲ. ಮತ್ತೆ ಹೇಳ್ತಿದೀನಿ, ಅಭ್ಯಾಸ ಅಲ್ಲ."

ಸಾಲಿನಲ್ಲಿ ನಿಂತಿದ್ದವು ಎರಡನೇ ಕ್ಲಾಸಿನ ಮಕ್ಕಳು. ಲೊರೀನ್ ಮತ್ತು ಅವಳ ಜೊತೆಯ ಅಡುಗೆಯವಳು ಫ್ರಾನ್ ಆ ಮಕ್ಕಳನ್ನು ತಟ್ಟೆಯ ಸಮೇತ ಎಳೆದುಕೊಂಡು ಹಿಟ್ಟು, ಡಬ್ಬಿಗಳನ್ನಿಡುವ ಉಗ್ರಾಣಕ್ಕೆ ನುಗ್ಗಿದರು. ಕಬ್ಬಿಣದ ಬಾಗಿಲು ಹಾಕಿ, ಚಿಲಕ ಜಡಿದು, ದೀಪ ಆರಿಸಿದರು. ಮಕ್ಕಳು ಹೇಳಿಸಿಕೊಳ್ಳದೆ ಗೋಡೆಗೆ ಬೆನ್ನು ಕೊಟ್ಟು ಕುಳಿತವು. ಯಾವುದೂ ಅಳಲಿಲ್ಲ. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಹೀಗೆ ಅಡಗಬೇಕೆಂದು ಮಗ್ಗಿಗಿಂತ ಮೊದಲು ಅಭ್ಯಾಸ ಮಾಡಿಸಿದ್ದೇವೆ ಅವಕ್ಕೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಕತ್ತಲಲ್ಲಿ ಒಂದು ಹುಡುಗಿ ಲೊರೀನ್‌ಳ ಏಪ್ರನ್ ಹಿಡಿದು ಪಿಸುಗುಟ್ಟಿತು. "ಮಿಸ್ ಲೊರೀನ್, ಇದು ನಿಜದ್ದಾ?"

"ಇಲ್ಲ ಪುಟ್ಟಿ, ಸುಮ್ನೆ ಹಾಗಂದ್ರು. ಅಭ್ಯಾಸದ್ದೇ."

"ಮತ್ತೆ ನೀವ್ಯಾಕೆ ನಡುಗ್ತಿದೀರ?"

ಫ್ರಾನ್ ಸಾಧಾರಣವಾಗಿ ಬಾಯಿ ಮುಚ್ಚುವವಳಲ್ಲ. ಈಗ ಅವಳು ತುಟಿಪಿಟಕ್ಕೆನ್ನದೆ, ಫೋನಿನ ಬೆಳಕು ಹೊರಗೆ ಬೀಳದಂತೆ ಏಪ್ರನ್ನಿನೊಳಗೆ ಹಿಡಿದು ಲೊರೀನ್‌ಗೆ ತೋರಿಸಿದಳು. ಆಫೀಸಿನ ಗುಮಾಸ್ತೆ ಕಳಿಸಿದ್ದ ಮೆಸೇಜು. ಹಿಂದಿನ ಪಾರ್ಕಿಂಗ್‌ನಲ್ಲಿ ಒಬ್ಬ. ಉದ್ದನೆಯ ಹುಡುಗ. ಕಂದು ಕೋಟು. ಕೈಯಲ್ಲಿ ರೈಫಲ್.

ಕಂದು ಕೋಟು ಈ ಊರಿನ ಅರ್ಧ ಗಂಡಸರ ಮೈಮೇಲಿದೆ, ಉದ್ದದ ಹುಡುಗರಿಗೂ ಬರಗಾಲವಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪಾಡು ಲೊರೀನ್‌ಳದಾಯಿತು. ಅಲಮಾರಿಯ ಖಾಲಿ ಜಾಗ ಕಣ್ಣೆದುರು ಬಂತು. ಮುಚ್ಚಿದ ಕೋಣೆಯ ಬಾಗಿಲು ಬಂತು. ಕುರ್ಚಿ ಎಸೆದು ಮಗ ಆಡಿದ ಮಾತು ಬಂತು.

ಅವಳು ಮಗನಿಗೆ ಮೆಸೇಜು ಹಾಕಿದಳು. 'ಎಲ್ಲಿದೀಯ?' ಉತ್ತರವಿಲ್ಲ. 'ಕೋಲ್ಟನ್, ಎಲ್ಲಿದೀಯ ಹೇಳೋ.' ಇಲ್ಲ. ಗಂಡನಿಗೆ ಹಾಕಿದಳು. 'ರೈಫಲ್ ಯಾರಿಗೆ ಕೊಟ್ಟೆ?' ಕ್ವಾರಿಯ ಹಳ್ಳದಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂಬುದು ಅವಳಿಗೆ ಗೊತ್ತಿದ್ದದ್ದೇ.

ಹೊರಗೆ ಯಾರೋ ಓಡಿದ ಸದ್ದು. ಎಲ್ಲೋ ಬಾಗಿಲು ಬಡಿಯಿತು. ಒಂದು ಮಗು ಬಿಕ್ಕಿತು, ಪಕ್ಕದ ಮಗು ಅದರ ಬಾಯಿಗೆ ಕೈ ಅಡ್ಡ ಹಿಡಿಯಿತು.

ಹೇಳಬೇಕೋ, ಬೇಡವೋ? ಹೇಳಿದರೆ ಪೊಲೀಸರಿಗೆ ಒಂದು ಹೆಸರು, ಒಂದು ಮುಖ ಸಿಗುತ್ತದೆ, ಮಗನನ್ನು ಕಂಡಲ್ಲಿ ಹೊಡೆದುಹಾಕುತ್ತಾರೆ. ಹೇಳದಿದ್ದರೆ, ಅವನೇ ಆಗಿದ್ದರೆ, ತೊಡೆಗೆ ಅಂಟಿ ಕುಳಿತಿರುವ ಈ ಹುಡುಗಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದೇನೋ ಹೌದು. ಆದರೆ ಹೆತ್ತವರೆಲ್ಲ ಈ ಉಗ್ರಾಣದಲ್ಲಿ ಒಂದು ಸಲ ಕುಳಿತು ಆಮೇಲೆ ಮಾತಾಡಲಿ.

ಅವಳು ತುರ್ತು ನಂಬರಿಗೆ ಬರೆದಳು. 'ಅದು ನನ್ನ ಮಗ ಇರಬಹುದು. ಕೋಲ್ಟನ್ ಕುಂಕಲ್. ಮನೆಯಲ್ಲಿ ಅವನ ರೈಫಲ್ ಇಲ್ಲ.' ಮನೆಯ ವಿಳಾಸ ಬರೆದಳು. ಕೊನೆಗೆ 'ದಯವಿಟ್ಟು ಹೊಡೀಬೇಡಿ, ಮಾತಾಡ್ಸಿ, ಅವನು ಮಾತು ಕೇಳ್ತಾನೆ' ಎಂದು ಸೇರಿಸಿದಳು. ಪಕ್ಕದಿಂದ ಅದನ್ನು ಓದಿದ ಫ್ರಾನ್ ಅವಳ ಕೈ ಹಿಡಿದುಕೊಂಡಳು.

"ಲೊರೀನ್, ಯೋಚ್ನೆ ಮಾಡೇ. ಕಳಿಸಿದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ."

"ಕೈ ಬಿಡು ಫ್ರಾನ್."

ಕಳಿಸಿದಳು. ಆಮೇಲೆ ಗುಂಡಿನ ಸದ್ದಿಗಾಗಿ ಕಾದಳು. ಆ ಹೊತ್ತಿನಲ್ಲಿ ಅವಳು ದೇವರಲ್ಲಿ ಏನು ಬೇಡಿಕೊಂಡಳೆಂದು ಮುಂದೆ ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ನಾನೂ ಕೇಳಿದ್ದೆ.

ಸದ್ದು ಬರಲಿಲ್ಲ. ಕೊನೆಗೆ ಪೊಲೀಸರೇ ಬಂದು ಬಾಗಿಲು ತಟ್ಟಿ, ತಮ್ಮ ಹೆಸರು ಹೇಳಿ, ಎಲ್ಲರನ್ನೂ ಹೊರಗೆ ಕರೆದರು. ಆದದ್ದು ಇಷ್ಟು. ಹಿಟ್ಟಿನ ಗಿರಣಿಯ ಒಬ್ಬ ಹುಡುಗ ಶಾಲೆಯ ಬಸ್ಸಿನ ಡ್ರೈವರ್‌ನಿಂದ ಎರವಲು ತಂದಿದ್ದ ರೈಫಲ್ಲನ್ನು ವಾಪಸ್ ಕೊಡಲು ಬಂದಿದ್ದ. ಹೇಗೂ ಡ್ರೈವರ್ ಶಾಲೆಯ ಹತ್ತಿರ ಸಿಗುತ್ತಾನಲ್ಲ ಎಂದು ತನ್ನ ಗಾಡಿಯಿಂದ ಅವನ ಗಾಡಿಗೆ ಹೆಗಲ ಮೇಲೆ ಹೊತ್ತುಕೊಂಡು ನಡೆದಿದ್ದ. ಬೇರೆ ಊರಿನವನು ಕನಸಿನಲ್ಲೂ ಮಾಡದ ಮೂರ್ಖತನ. ನಮ್ಮವನಿಗೆ ಅದು ಪಕ್ಕದ ಮನೆಯ ಏಣಿ ತಿರುಗಿಸಿ ಕೊಟ್ಟಷ್ಟೇ ಸಹಜ. 'ಸೀಸನ್ ಅಲ್ವಾ ಸಾರ್' ಎಂದನಂತೆ ಪೊಲೀಸರಿಗೆ.

ಲೊರೀನ್ ನಗಲಿಲ್ಲ, ಅಳಲಿಲ್ಲ. ತನ್ನ ಮೆಸೇಜು ಎಲ್ಲಿಗೆ ಹೋಗಿ ಮುಟ್ಟಿರುತ್ತದೆ ಎಂದು ಅವಳಿಗೆ ಆಗ ಹೊಳೆಯಿತು. ಏಪ್ರನ್ ಕೂಡ ಬಿಚ್ಚದೆ ಮನೆಗೆ ಗಾಡಿ ಓಡಿಸಿದಳು.

ಅಂಗಳದ ಹುಲ್ಲಿನಲ್ಲಿ ಗಾಡಿಯ ಚಕ್ರದ ಗುರುತುಗಳಿದ್ದವು. ಮುಂಬಾಗಿಲು ಮುರಿದು ತೂಗುತ್ತಿತ್ತು. ಕೋಲ್ಟನ್ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕುಳಿತಿದ್ದ. ಕೆನ್ನೆಗೆ ಮಣ್ಣು ಮೆತ್ತಿತ್ತು, ಮಣಿಕಟ್ಟು ಕೆಂಪಾಗಿತ್ತು. ನಿದ್ದೆಯಲ್ಲಿದ್ದವನನ್ನು ಎಳೆದು ತಂದು ಹುಲ್ಲಿನ ಮೇಲೆ ಮುಖ ಅಡಿಯಾಗಿ ಕೆಡವಿ, ಕೋಳ ಹಾಕಿ, ಆಮೇಲೆ ತಪ್ಪಾಯಿತೆಂದು ಬಿಚ್ಚಿ ಹೋಗಿದ್ದರು.

"ಅವ್ರಿಗೆ ಹೇಳಿದ್ದು ನೀನಾ?"

"ಹೂಂ."

"ನಾನೇ ಅಂದ್ಕೊಂಡ್ಯಾ ಅಮ್ಮ?"

ಸುಳ್ಳು ಹೇಳಬಹುದಿತ್ತು. ಆ ದಿನ ಒಂದು ಮಗುವಿಗೆ ಆಗಲೇ ಒಂದು ಸುಳ್ಳು ಹೇಳಿಯಾಗಿತ್ತು. "ಅಂದ್ಕೊಂಡೆ ಕಣೋ. ನಿನ್ ರೈಫಲ್ ಇರ್ಲಿಲ್ಲ. ಮೆಸೇಜ್‌ಗೆ ಉತ್ರ ಕೊಡ್ಲಿಲ್ಲ. ನಂಗೇನ್ ಗೊತ್ತಾಗ್ಬೇಕು?"

ಅವನು ತಲೆ ತಗ್ಗಿಸಿ ಕಾಲ್ಬೆರಳು ನೋಡಿದ. "ಅದು ಮರ್ಲ್ ಮಾವನ ಮನೇಲಿದೆ. ಭಾನುವಾರ ನಾನೇ ಕೊಟ್ಬಂದೆ. ನಾನು ಕೇಳಿದ್ರೂ ಕೊಡ್ಬೇಡ ಅಂತ ಹೇಳಿ ಬಂದಿದೀನಿ."

ಮರ್ಲ್ ಲೊರೀನ್‌ಳ ಅಣ್ಣ, ಗುಡ್ಡದ ಆಚೆಯವನು. "ಯಾಕೋ?"

"ನಿದ್ದೆ ಬರ್ತಿರ್ಲಿಲ್ಲ. ಎದ್ದು ಹೋಗಿ ಅಲಮಾರಿ ಮುಂದೆ ನಿಂತ್ಕೋತಿದ್ದೆ. ಅದೆಷ್ಟೊತ್ತು ನಿಂತಿರ್ತಿದ್ನೋ ನಂಗೇ ಗೊತ್ತಾಗ್ತಿರ್ಲಿಲ್ಲ."

"ಆ ಶಾಲೆ ಹುಡುಗ್ರನ್ನ ಹೊಡೀಬೇಕು ಅಂತಾನಾ?"

"ಅವ್ರನ್ನಲ್ಲಮ್ಮ." "ಯಾರನ್ನೂ ಅಲ್ಲ. ನನ್ನನ್ನೇ."

ಊರಿಗೆ ಊರೇ ಈ ಹುಡುಗನಿಗೆ ಹೆದರುತ್ತಿತ್ತು, ತಾಯಿಯೂ ಹೆದರಿದ್ದಳು. ಇಡೀ ಕಣಿವೆಯಲ್ಲಿ ಅವನಿಗಾಗಿ ಹೆದರಿದ್ದವನು ಅವನೊಬ್ಬನೇ. ಲೊರೀನ್ ಮೆಟ್ಟಿಲ ಮೇಲೆ ಕುಸಿದು ಅವನ ಮಣ್ಣಾದ ಕೆನ್ನೆಗೆ ಮುಖ ಒತ್ತಿ ಅತ್ತಳು. ಎಷ್ಟೋ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು.

"ಉಳಿದ ಬಂದೂಕುಗಳ್ನ ಯಾಕೆ ಬಿಟ್ಟೆ?"

"ಅವು ಅಪ್ಪಂದು. ನಂದಾಗಿದ್ದು ಅದೊಂದೇ."

ಅವಳು ಎದ್ದಳು. ಕೀಲಿ ತೆಗೆದು ಅಲಮಾರಿ ತೆರೆದಳು. ಕೋಲ್ಟನ್ ಒಳಗೆ ಬರಲಿಲ್ಲ. "ನಾನು ಮುಟ್ಟಲ್ಲ, ನೀನೇ ತಗೋ" ಎಂದು ಗಾಡಿಯ ಹಿಂಬಾಗಿಲು ತೆರೆದು, ಕೈಗಳನ್ನು ಜೇಬಿನಲ್ಲಿಟ್ಟು ದೂರ ನಿಂತ. ಅವಳು ಒಂದೊಂದಾಗಿ ಹೊತ್ತು ತಂದು ಹಳೆಯ ಕಂಬಳಿಯ ಮೇಲೆ ಮಲಗಿಸಿದಳು. ಗುಂಡಿನ ಡಬ್ಬಿಗಳನ್ನೂ ತಂದಳು.

ಕೊನೆಯದನ್ನು ಇಡುತ್ತಿದ್ದಾಗ ಗ್ಲೆನ್‌ನ ಗಾಡಿ ಬಂತು. ಮುರಿದ ಬಾಗಿಲು ನೋಡಿದ, ಹೆಂಡತಿಯ ಕೈ ನೋಡಿದ.

"ಏನೇ ಇದು? ಎಲ್ಲಿಗೆ ಸಾಗಿಸ್ತಿದೀಯ? ಶನಿವಾರ ಬೇಟೆ ಶುರು, ತಲೆ ನೆಟ್ಟಗಿದೆಯಾ ನಿಂಗೆ?"

"ಅಣ್ಣನ ಮನೆಗೆ."

"ನನ್ನವನ್ನ ನನ್ನ ಕೇಳ್ದೆ? ನನ್ನಪ್ಪನ್ ಕಾಲದಿಂದ ಆ ಅಲಮಾರೀಲಿ ಇದಾವೆ. ಒಬ್ರಿಗಾದ್ರೂ ಏನಾದ್ರೂ ಆಗಿದೆಯಾ? ಇಡು ವಾಪಸ್."

ಲೊರೀನ್ ಬಾಯಿ ತೆರೆಯುವ ಮುಂಚೆ ಕೋಲ್ಟನ್ ಮಾತಾಡಿದ. ಅಮ್ಮನಿಗೆ ಹೇಳಿದ್ದನ್ನೇ ಅಪ್ಪನಿಗೆ ಹೇಳಿದ, ಅಷ್ಟೇ ಸಣ್ಣ ದನಿಯಲ್ಲಿ, ಅಲಮಾರಿಯ ಮುಂದೆ ನಿಲ್ಲುತ್ತಿದ್ದುದನ್ನೂ ಬಿಡದೆ.

ಗ್ಲೆನ್ ಮುರಿದ ಬಾಗಿಲನ್ನು ಸರಿಸಿ ಒಳಗೆ ಹೋದ. ಲೊರೀನ್ ಗಾಡಿಗೆ ಅಡ್ಡ ನಿಂತಳು, ಬಂದರೆ ಬರಲಿ, ಜಗಳವೇ ಆಗಲಿ ಎಂದು. ಅವನು ಹೊರಗೆ ಬಂದಾಗ ಕೈಯಲ್ಲಿ ಒಂದು ಪಿಸ್ತೂಲಿತ್ತು, ಟವಲ್ಲಿನಲ್ಲಿ ಸುತ್ತಿದ್ದು. ಅಂಥದ್ದೊಂದು ಮನೆಯಲ್ಲಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

"ಮಂಚದ ಕೆಳಗಿನ ಹಲಗೆ ಸಂದಿಲಿ ಇಟ್ಟಿದ್ದೆ" ಎಂದ, ಯಾರ ಮುಖವನ್ನೂ ನೋಡದೆ. "ಕಳ್ರಿಗೆ ಅಂತ. ಇದು ಯಾರಿಗೂ ಗೊತ್ತಿಲ್ಲ. ಆದ್ರೂ ಇದನ್ನೂ ಒಯ್ದುಬಿಡು."

"ನಂಗೊತ್ತಿತ್ತು ಅಪ್ಪ" ಎಂದ ಕೋಲ್ಟನ್.