ಭಾವನವರ ಕರಿರಾಣಿ

ನೀರಿನ ಮೀಟರು ಓದುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದ ಭಾವನವರಿಗೆ, ನೀರಿನ ವಿಚಾರದಲ್ಲಿ ತಮಗೆ ಹೇಳಿಕೊಡುವವರು ಇನ್ನೂ ಹುಟ್ಟಿಲ್ಲ ಎಂಬ ನಂಬಿಕೆಯಿತ್ತು. ಅವರ ಅಡುಗೆಮನೆಯ ನಲ್ಲಿ ಮಾತ್ರ ಆರು ವರ್ಷದಿಂದ ತೊಟ್ಟಿಕ್ಕುತ್ತಲೇ ಇತ್ತು. ಇದನ್ನೆಲ್ಲ ಹತ್ತಿರದಿಂದ ಬಲ್ಲವಳು ಅವರ ತಮ್ಮನ ಹೆಂಡತಿ. ಭಾವನವರ ಮನೆ ಮೊದಲ ಮಹಡಿಯಲ್ಲಿ, ಇವಳ ಜೆರಾಕ್ಸ್ ಅಂಗಡಿ ಅದರ ಕೆಳಗೆ.

ನಿವೃತ್ತಿಯ ದಿನ ಕಚೇರಿಯವರು ಭಾವನವರ ಕೈಗೊಂದು ಕುಂಡ ಕೊಟ್ಟು ಕಳಿಸಿದರು. ಗುಲಾಬಿಯ ಹಾಗೆ ಸುತ್ತಿಕೊಂಡ ದಪ್ಪ ಎಲೆಗಳು, ಬದನೆಕಾಯಿಗಿಂತ ಕಪ್ಪು ಬಣ್ಣ, ಒಂದೇ ಕಾಂಡಕ್ಕೆ ನಾಲ್ಕು ತಲೆ. ಗಡಿಯಾರವನ್ನಾದರೂ ಕೊಡಬಾರದಿತ್ತೇ ಎಂದು ಅಕ್ಕ, ಅಂದರೆ ಇವಳ ಓರಗಿತ್ತಿ, ಗೊಣಗಿದಳು. ಭಾವನವರು ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ ಪಂಡಿತರಾದರು. ಗಿಡಕ್ಕೆ 'ಕರಿರಾಣಿ' ಎಂದು ಹೆಸರಿಟ್ಟು, ಟೀವಿಯ ಪಕ್ಕದಲ್ಲಿ ಕೂರಿಸಿ, ದಿನಕ್ಕೆರಡು ಹೊತ್ತು ಅಳತೆಯ ಲೋಟದಲ್ಲಿ ನೀರು ಕುಡಿಸಿದರು.

ಮೂರು ತಿಂಗಳಿಗೆ ರಾಣಿ ಹಸಿರಾದಳು. ಕತ್ತು ಕೊಕ್ಕರೆಯ ಹಾಗೆ ಉದ್ದವಾಯಿತು. ಚೆನ್ನಾಗಿ ಬೆಳೆಯುತ್ತಿದ್ದಾಳೆ ಎಂದು ಭಾವನವರು ಹಿಗ್ಗಿದರು. ಒಂದೇ ತಲೆಯಿದ್ದರೆ ಗಾಂಭೀರ್ಯ ಹೆಚ್ಚು ಎಂದುಕೊಂಡು ಉಳಿದ ಮೂರನ್ನು ಕತ್ತರಿಸಿ ಕಸದ ಡಬ್ಬಿಗೆ ಹಾಕಿದರು. ಅದರಲ್ಲೊಂದನ್ನು ತಮ್ಮನ ಹೆಂಡತಿ ಎತ್ತಿಕೊಂಡು ಬಂದು, ತಳ ತೂತಾದ ಬಣ್ಣದ ಡಬ್ಬಿಯಲ್ಲಿ ಜಲ್ಲಿಪುಡಿ ತುಂಬಿ ಚುಚ್ಚಿದಳು. ಅಂಗಡಿಯ ಮೆಟ್ಟಿಲ ಪಕ್ಕದ ಬಿಸಿಲಿಗಿಟ್ಟು ಮರೆತೇಬಿಟ್ಟಳು. ಮಳೆಗಾಲ ಕಳೆಯುವಷ್ಟರಲ್ಲಿ ಅದು ಕಾರ್ಬನ್ ಕಾಗದದಷ್ಟು ಕಪ್ಪಾಗಿ ಹೊಳೆಯುತ್ತಿತ್ತು.

ಭಾವನವರು ಮೆಟ್ಟಿಲಿಳಿಯುವಾಗ ಅದನ್ನು ಕಂಡು, ಇದು ಬೇರೆ ಜಾತಿ ಎಂದು ತೀರ್ಪು ಕೊಟ್ಟು ಹೋದರು. ಮಾರನೆಯ ದಿನ ಅವರ ಗಿಡ ಸದ್ದಿಲ್ಲದೆ ಬಾಲ್ಕನಿಯ ಬಿಸಿಲಿಗೆ ಬಂದಿತ್ತು. ಕಪ್ಪು ಮರಳಿದ ಮೇಲೆ, ಇದೆಲ್ಲ ತಮ್ಮ ಯೋಜನೆಯೇ ಎಂದು ಬಂದವರಿಗೆಲ್ಲ ಕೊರೆದರು.

ಎರಡನೆಯ ವರ್ಷದ ಚಳಿ ಮುಗಿಯುವ ಹೊತ್ತಿಗೆ ರಾಣಿಯ ನೆತ್ತಿಯಿಂದ ಹಳದಿ ಹೂವಿನ ಗೋಪುರ ಎದ್ದಿತು. ಭಾವನವರು ಎದೆಯುಬ್ಬಿಸಿಕೊಂಡು ಅಂಗಡಿಗೆ ಬಂದರು. ಇಡೀ ಕಟ್ಟಡದವರನ್ನು ಹೂ ನೋಡಲು ಕರೆಯುವ ಕಾಗದ, ನಲವತ್ತು ಪ್ರತಿ ಬೇಕಂತೆ. ನರ್ಸರಿ ನಡೆಸುವ ಹೆಂಗಸೊಬ್ಬಳು ಯಾವಾಗಲೋ ಹೇಳಿದ್ದ ಮಾತು ಇವಳಿಗೆ ನೆನಪಾಯಿತು.

"ಭಾವ, ಹೂ ಬಿಟ್ಟ ತಲೆ ಆಮೇಲೆ ಒಣಗಿಹೋಗತ್ತಂತೆ. ಪಕ್ಕದಲ್ಲಿ ಬೇರೆ ತಲೆ ಇದ್ರೆ ಮಾತ್ರ ಗಿಡ ಉಳಿಯೋದು."

"ನೀನು ಜೆರಾಕ್ಸ್ ಹೊಡಿಯಮ್ಮಾ, ಸಾಕು," ಎಂದರು ಭಾವನವರು.

ಹೊಡೆದಳು. ಜನ ಬಂದರು, ಚಹಾ ಕುಡಿದರು, ಒಂದು ಗಂಟೆ ಭಾಷಣ ಕೇಳಿಸಿಕೊಂಡರು. ಆರು ವಾರಕ್ಕೆ ಹೂವೂ ಒಣಗಿತು, ರಾಣಿಯೂ ಒಣಗಿದಳು. ತಪ್ಪು ಮೊದಲು ಗೊಬ್ಬರದ್ದಾಯಿತು, ಆಮೇಲೆ ಅಕ್ಕನದು, ಕೊನೆಗೆ ನೋಡಲು ಬಂದವರ ಕಣ್ಣಿನದು. ಕತ್ತರಿ ಹಿಡಿದ ಕೈಯನ್ನು ಮಾತ್ರ ಅವರು ವಿಚಾರಿಸಲಿಲ್ಲ. ಇವಳು ಕೆಳಗೆ ಕೂತು ಮನಸಾರೆ ನಕ್ಕಳು.

ಒಂದು ಮಧ್ಯಾಹ್ನ ಭಾವನವರು ಖಾಲಿ ಕುಂಡ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತರು. ಗಿರಾಕಿಗಳೆಲ್ಲ ಹೋಗುವವರೆಗೂ ಅಲ್ಲೇ ಕಾದರು. ಇವಳು ಬೇಕೆಂದೇ ಕಾಗದದ ಕಟ್ಟುಗಳನ್ನು ಎರಡೆರಡು ಸಲ ಜೋಡಿಸಿದಳು.

"ನಿನ್ನದರಲ್ಲಿ ಒಂದು ತಲೆ ಕೊಡ್ತೀಯಾ?" ಎಂದರು ಕೊನೆಗೆ.

ಅವಳ ಡಬ್ಬಿಯಲ್ಲಿ ಆಗ ಐದು ತಲೆಗಳಿದ್ದವು. ದುಂಡಗಿನದನ್ನೇ ಆರಿಸಿ ಕತ್ತರಿಸಿ ಕೈಗಿಟ್ಟು, ನಾಲ್ಕು ದಿನ ನೆರಳಲ್ಲಿ ಗಾಯ ಒಣಗಲಿ, ಆಮೇಲೆ ನೆಡಿ ಎಂದಳು.

"ನೀರು ಎಷ್ಟು ಹಾಕಲಿ?"

ಹದಿನೇಳು ವರ್ಷದ ನಂಟಿನಲ್ಲಿ ಈ ಮನುಷ್ಯ ಅವಳ ಸಲಹೆ ಕೇಳಿದ್ದು ಇದೇ ಮೊದಲು.

"ಮಣ್ಣು ಪೂರಾ ಒಣಗಿದ ಮೇಲೆ ಸ್ವಲ್ಪ. ಅಲ್ಲೀವರೆಗೆ ಕೈ ಕಟ್ಕೊಂಡು ಕೂತಿರಿ, ಭಾವ."

ಅವರು ತಲೆಯಾಡಿಸಿ ಮೇಲೆ ಹೋದರು. ತಲೆ ಬೇರು ಬಿಟ್ಟಿತು, ಬಾಲ್ಕನಿಯಲ್ಲಿ ಕಪ್ಪಗೆ ಮಿಂಚತೊಡಗಿತು. ಹೊಸಬರು ಬಂದಾಗ, ಎಲ್ಲ ನನ್ನ ಕೈಗುಣ ಎಂದು ಭಾವನವರು ಹೇಳುವುದು ಮೆಟ್ಟಿಲವರೆಗೂ ಕೇಳಿಸುತ್ತದೆ. ತಮ್ಮನ ಹೆಂಡತಿ ಮೂಗು ಮುರಿಯುತ್ತಾಳೆ, ಯಂತ್ರಕ್ಕೆ ಕಾಗದ ತುಂಬುತ್ತಾಳೆ.