ದೇವರಾಜುವಿನ ಕತ್ತಲೆ ತಾಲೀಮು

ಮಿಲ್ಪಿಟಾಸ್‌ನ ಕನ್ನಡದವರ ನಡುವೆ ದೇವರಾಜುವಿಗೆ ಪುಕ್ಕಲನೆಂದು ಹೆಸರಿತ್ತು. ಮಂಡ್ಯ ಕಡೆಯಿಂದ ಪರದೇಶಕ್ಕೆ ಬಂದ ಈ ಎಂಜಿನಿಯರಿಗೆ ಮಾತು ಕಡಿಮೆ. ಉಳಿದವರು ಷೇರಿನ ಸುದ್ದಿ ಹೇಳಿಕೊಳ್ಳುತ್ತಿದ್ದರೆ ಇವನು ಮಳೆ ಯಾವಾಗ ಎಂದು ಕೇಳುತ್ತಿದ್ದ.

ಅದಕ್ಕೆ ಕಾರಣವಿತ್ತು. ತೊಂಬತ್ತೈದರ ಡಿಸೆಂಬರಿನ ಬಿರುಗಾಳಿಗೆ ಕರೆಂಟು ಹೋದಾಗ ಮಗಳು ನಿಸರ್ಗಾಳಿಗೆ ಆರು ವರ್ಷ. ಅವಳಿಗೆ ಉಬ್ಬಸ, ಅಂದೇ ಅದು ಕೆರಳಿತು. ಔಷಧಿಯನ್ನು ಆವಿ ಮಾಡಿ ಕೊಡುವ ಯಂತ್ರ ಕರೆಂಟಿಲ್ಲದೆ ನಡೆಯದು. ಗ್ಯಾರೇಜಿನ ಬಾಗಿಲೂ ಕರೆಂಟಿನದೇ. ಮೇಲಿಂದ ಇಳಿಬಿಟ್ಟ ಕೆಂಪು ಹಗ್ಗ ಎಳೆದರೆ ಅದನ್ನು ಕೈಯಿಂದ ಎತ್ತಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಕಾರು ಒಳಗೇ ಉಳಿಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಮಳೆಯಲ್ಲಿ ಓಡಿದ. ಬೀದಿಯ ತುದಿಯಲ್ಲಿ ಯಾರೋ ಕಾರು ನಿಲ್ಲಿಸಿ ಆಸ್ಪತ್ರೆಗೆ ಬಿಟ್ಟರು. ಮಗು ಉಳಿಯಿತು. ಆ ಓಟದ ಮಾತನ್ನು ಅವನು ಹೆಂಡತಿ ಬಿಂದುಶ್ರೀಯ ಎದುರೂ ಮತ್ತೆ ಎತ್ತಲಿಲ್ಲ.

ಅಂದಿನಿಂದ ಚಳಿಗಾಲಕ್ಕೆ ಮುಂಚೆಯೇ ಟಾರ್ಚು, ಕುಡಿಯುವ ನೀರು, ಒಲೆ ಹಚ್ಚದೆ ತಿನ್ನಲು ಅವಲಕ್ಕಿ, ಹುರಿಹಿಟ್ಟು ತಂದಿಡುವನು. ಕಾರಿನ ಬ್ಯಾಟರಿಗೆ ಜೋಡಿಸಿದರೆ ನಡೆಯುವ ಇನ್ನೊಂದು ಯಂತ್ರ ಕೊಂಡು, ಅದಕ್ಕೆಂದೇ ಒಂದು ಬಿಡಿ ಬ್ಯಾಟರಿಯನ್ನು ಗ್ಯಾರೇಜಿನಲ್ಲಿಟ್ಟ. ಆಗಾಗ ಸಂಜೆ ಮನೆಯ ಮೇನ್ ಸ್ವಿಚ್ ಆರಿಸಿ, ಮಗಳೂ ಸೇರಿ ಮನೆಯವರಿಗೆಲ್ಲ ಕತ್ತಲಲ್ಲೇ ಅದನ್ನು ಜೋಡಿಸುವ ತಾಲೀಮು ಮಾಡಿಸುತ್ತಿದ್ದ.

ಊರಿಂದ ಬಂದಿದ್ದ ತಾಯಿ ದೊಡ್ಡತಾಯಮ್ಮನಿಗೆ ರೇಗುತ್ತಿತ್ತು. “ದೀಪ ಇರೋ ಮನೇಲಿ ಕತ್ಲೆ ಮಾಡ್ಕೊಂಡು ಕೂರೋದು ಅದ್ಯಾವ ಸೀಮೆ ಸಾಸ್ತ್ರವೋ ಕಾಣೆ!”

“ಒಂದ್ಸಲ ಜೋಡ್ಸವ್ವ, ಆಮೇಲೆ ಬೈಯುವಂತೆ,” ಎನ್ನುತ್ತಿದ್ದ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಮಳೆ ಬಿಡದೆ ಹುಯ್ಯಿತು. ಒಂದು ಸಂಜೆ ಆಫೀಸಿನಿಂದ ಹೊರಟ ಗಂಡ ಹೆಂಡತಿ ಒಂದೇ ಕಾರಿನಲ್ಲಿ ಫ್ರೀವೇ ಹೆದ್ದಾರಿಯ ಮೇಲೆ ಸಿಕ್ಕಿಬಿದ್ದರು. ಮುಂದೆ ನೀರು ನಿಂತಿತ್ತು. ದೂರದ ಬೆಟ್ಟದ ಬುಡದಲ್ಲಿ ಅವರ ಊರಿನ ದೀಪಗಳು ಒಟ್ಟಿಗೆ ಆರಿದವು.

“ಮನೇಲಿ ನಿಸರ್ಗಾ ಜೊತೆ ಅವ್ವ ಇದಾರೆ,” ಎಂದಳು ಬಿಂದುಶ್ರೀ. ಅವನು ಸ್ಟೀರಿಂಗು ಬಿಗಿಯಾಗಿ ಹಿಡಿದು ಕೂತಿದ್ದ.

ಮನೆಯ ಬೀದಿ ಸೇರುವ ಹೊತ್ತಿಗೆ ಅಡ್ಡಲಾಗಿ ಮರ ಬಿದ್ದಿತ್ತು. ಅವನು ಕಾರನ್ನು ಹೆಂಡತಿಗೆ ಬಿಟ್ಟು ಓಡಿದ. ಬಾಗಿಲು ತೆರೆದಾಗ ಒಳಗಿಂದ ಸಣ್ಣ ಯಂತ್ರದ ಗುಂಯ್ ಸದ್ದು ಕೇಳಿಸಿತು. ಅವನು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ.

ಎದ್ದು ಒಳಗೆ ಹೋದರೆ, ಅಡುಗೆಮನೆಯ ನೆಲದ ಮೇಲೆ ಟಾರ್ಚು ಉರಿಯುತ್ತಿತ್ತು. ದೊಡ್ಡತಾಯಮ್ಮ ಮೊಮ್ಮಗಳನ್ನು ಎದೆಗೊರಗಿಸಿಕೊಂಡು, ಯಂತ್ರದ ಆವಿ ಬರುವ ಮುಖವಾಡವನ್ನು ಒತ್ತಿ ಹಿಡಿದಿದ್ದಳು. ಹುಡುಗಿಯ ತುಟಿಗೆ ಬಣ್ಣ ಮರಳಿತ್ತು. ವೈರು ಜೋಡಿಸಿದ್ದು ನಿಸರ್ಗಾಳೇ, ಉಸಿರು ಎಳೆದುಕೊಳ್ಳುತ್ತಲೇ. ಬ್ಯಾಟರಿಯನ್ನು ಗ್ಯಾರೇಜಿನಿಂದ ಹೊತ್ತು ತಂದದ್ದು ಅಜ್ಜಿ.

ಸ್ವಲ್ಪ ಹೊತ್ತಾದ ಮೇಲೆ ನಿಸರ್ಗಾ ಮುಖವಾಡ ಸರಿಸಿ, “ಡ್ಯಾಡ್, ಐಯಾಮ್ ಫೈನ್. ಅಜ್ಜಿ ವಾಸ್ ಸೋ ಸ್ಕೇರ್ಡ್,” ಎಂದಳು.

“ಏನಂತದೆ ಕೂಸು?”

ದೇವರಾಜು ಮುಖ ಒರೆಸಿಕೊಂಡ. “ಅಜ್ಜಿ ಹೆದರ್ಲೇ ಇಲ್ಲ ಅಂತಾವ್ಳೆ, ಕಣವ್ವ.”

“ಹೂಂ ಮತ್ತೆ,” ಎಂದು ದೊಡ್ಡತಾಯಮ್ಮ ಸೆರಗಿನಿಂದ ಅವನ ಒದ್ದೆ ತಲೆ ಒರೆಸತೊಡಗಿದಳು.